ಝೀಸಿಸ್ ಮೆಂಡನ್, ಕಾಪು

ಹಡಗಿನಿಂದ
೧೨ ಜೂನ್ ೨೦೨೩

ಪ್ರೀತಿಯ ವಿಜೇತಾ,

ಹಡಗಿನ ಇಂಟರ್ನೆಟ್ ಮತ್ತೆ ಕೈಕೊಟ್ಟಿದೆ. ಇನ್ನು ಬಂದರು ಸಿಗುವವರೆಗೆ ಫೋನೂ ಇಲ್ಲ, ನಿನ್ನ ಮುಖ ನೋಡುವುದೂ ಇಲ್ಲ. ಕ್ಯಾಪ್ಟನ್ನರ ಕಂಪ್ಯೂಟರಿನಿಂದ ದಿನಕ್ಕೊಮ್ಮೆ ಇಮೇಲ್ ಹೋಗುತ್ತದೆ, ಅದರಲ್ಲೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ತುಳುವಿನಲ್ಲಿ ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಬರೆಯಲು ಕೂತರೆ ಕನ್ನಡ. ಅದೂ ಕಾರ್ಕಳದ ಹೈಸ್ಕೂಲಿನ ಕನ್ನಡ ಟೀಚರಿಗೆ! ತಪ್ಪು ಕಂಡರೆ ಕೆಂಪು ಶಾಯಿ ಹಾಕಬೇಡ ಮಾರಾಯ್ತಿ.

ಒಂದು ವಿಷಯ ಕೇಳಬೇಕಿತ್ತು. ಮಗು ಗಂಡಾದರೆ ಝೀಸಿಸ್ ಎಂದು ಹೆಸರಿಡೋಣವಾ? ಗ್ರೀಕ್ ಹೆಸರು. ನಮ್ಮ ಚೀಫ್ ಆಫೀಸರ್ ಝೀಸಿಸ್ ನೆನಪುಂಟಲ್ಲ, ವಿಡಿಯೋ ಕಾಲಿನಲ್ಲಿ ನಿನಗೆ ನಮಸ್ಕಾರ ಹೇಳಲು ಹೋಗಿ ನಾಲಿಗೆ ತೊಡರಿದ ದಪ್ಪ ಮೀಸೆಯವರು? ಅವರ ಹೆಸರು. ಹುಷಾರಿಲ್ಲದೆ ಈಗ ಊರಿಗೆ ಹೋಗಿದ್ದಾರೆ. ಗ್ರೀಸಿನಲ್ಲೂ ಈ ಹೆಸರು ಅಪರೂಪವಂತೆ, ಅವರ ಕಡೆಯ ಹಳ್ಳಿಗಳಲ್ಲಿ ಮಾತ್ರ ಇಡುತ್ತಾರಂತೆ.

ನನಗೆ ಇಷ್ಟವಾಯಿತು, ಅಷ್ಟೇ. ಬೇರೆ ಕಾರಣ ಎಂತದೂ ಇಲ್ಲ. ನೀನು ಹೊತ್ತು ಹೊತ್ತಿಗೆ ಊಟ ಮಾಡು. ಮೆಟ್ಟಿಲು ಹತ್ತಿ ಇಳಿಯಬೇಡ.

ನಿನ್ನ
ಅಕ್ಷಿತ್


ಬಜಗೋಳಿ
೧೮ ಜೂನ್ ೨೦೨೩

ಪ್ರೀತಿಯ ನಿಮಗೆ,

ಕೆಂಪು ಶಾಯಿ ಬೇಡ ಎಂದಿರಲ್ಲ, ಹಾಗಾಗಿ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಬಿಟ್ಟಿದ್ದೇನೆ. ದೊಡ್ಡ ತಪ್ಪು ಆ ಹೆಸರು.

ಅಮ್ಮನ ಮನೆಗೆ ಬಂದು ವಾರವಾಯಿತು. ಇಲ್ಲಿಂದಲೇ ಅತ್ತೆಗೆ ಫೋನ್ ಮಾಡಿ ಹೇಳಿದೆ. ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಕಾಪು ಮಾರ್ಕೆಟಿನಲ್ಲಿ ಮೀನು ಮಾರಿ ಮಾರಿ ಪಳಗಿದ ಗಂಟಲು ಅದು.

"ಜೀಸಸ್ಸಾ? ಅವ ಹಡಗಿನಲ್ಲಿ ಎಂತ ಮಾಡಿಕೊಂಡಿದ್ದಾನೆ ಮಗಾ? ದೇವರು ದಿಂಡರು ಎಲ್ಲ ಬಿಟ್ಟನಾ?"

"ಜೀಸಸ್ ಅಲ್ಲ ಅತ್ತೆ, ಝೀಸಿಸ್."

"ಎರಡೂ ಒಂದೇ. ಶಿರ್ವದ ಲಿಗೋರಿ ಅದೇ ಹಡಗಿನಲ್ಲಿ ಅಡುಗೆಗೆ ಇದ್ದಾನಲ್ವಾ? ಅವನೇ ಇವನ ಕಿವಿ ತುಂಬಿಸಿರಬೇಕು. ಬರಲಿ ಅವ, ಕೇಳುತ್ತೇನೆ."

ಪಾಪ ಲಿಗೋರಿ. ನಿಮ್ಮಿಂದಾಗಿ ಅವರಿಗೆ ಗ್ರಹಚಾರ. ಮಾವ ಮಾತ್ರ, "ಹೆಸರಲ್ವಾ, ಅವ ಬಂದ ಮೇಲೆ ನೋಡುವ" ಎಂದು ಪೇಪರ್ ಓದಲು ಕೂತರಂತೆ.

ನನಗೆ ದೇವರು ಬದಲಾಗುವ ಹೆದರಿಕೆ ಇಲ್ಲ. ನನ್ನ ತಕರಾರು ಬೇರೆ. ನನ್ನ ಎಂಟನೇ ತರಗತಿಯ ಹಾಜರಿ ಕರೆಯುವಾಗ ಮಕ್ಕಳ ಹೆಸರಿನ ಅರ್ಥ ಕೇಳುತ್ತೇನೆ. ಅರ್ಧಕ್ಕರ್ಧ ಮಕ್ಕಳಿಗೆ ಗೊತ್ತಿಲ್ಲ, ಇಟ್ಟವರಿಗೂ ಗೊತ್ತಿಲ್ಲ. ಕೇಳಲು ಸ್ಟೈಲ್ ಆಗಿದೆ ಎಂದು ಇಟ್ಟದ್ದು. ನನ್ನ ಮಗುವಿಗೆ ಹಾಗಾಗಬಾರದು. ಅರ್ಥ ಹೇಳಿ, ಆಮೇಲೆ ಯೋಚಿಸುತ್ತೇನೆ.

ಇನ್ನೊಂದು ಮಾತು. ಕಳೆದ ಸಲ ನಾವು ಹೆಸರು ಆರಿಸಿ ಇಟ್ಟುಕೊಂಡು ಕೂತಿದ್ದೆವು. ಮಗು ಉಳಿಯಲಿಲ್ಲ. ಈ ಸಲ ಹೆಸರಿಗೆ ನನಗೆ ಅವಸರವಿಲ್ಲ. ನಿಮಗೆ ಯಾಕೆ ಇಷ್ಟು ಅವಸರ ಎಂಬುದೂ ಅರ್ಥವಾಗಲಿಲ್ಲ.

ವಿಜೇತಾ


ಹಡಗಿನಿಂದ
೨ ಜುಲೈ ೨೦೨೩

ವಿಜೇತಾ,

ಉದ್ದ ಬರೆಯಲು ಆಗುತ್ತಿಲ್ಲ. ಒಂದು ಕೈಯಲ್ಲಿ ಚಹಾದ ಲೋಟ ಉಂಟು, ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ.

ಅರ್ಥ ಉಂಟು. ಆದರೆ ಎದುರಿಗೆ ಕೂತು ಹೇಳುವಂಥದ್ದು. ಅಷ್ಟರವರೆಗೆ ನನ್ನ ಮೇಲೆ ನಂಬಿಕೆ ಇಡು. ಲಿಗೋರಿ ಬಾಬ್‌ಗೆ ಇದರಲ್ಲಿ ಸಂಬಂಧವಿಲ್ಲವೆಂದು ಅಮ್ಮನಿಗೆ ಹೇಳು. ಹಿರಿಯರೆಂದು ನಾವೆಲ್ಲ ಬಾಬ್ ಎನ್ನುವ ಅವರು ಮುಂದಿನ ಬಂದರಿನಲ್ಲಿ ಇಳಿದು ರಜೆಗೆ ಬರುತ್ತಿದ್ದಾರೆ. ಅಮ್ಮ ಬಸ್‌ಸ್ಟ್ಯಾಂಡಿನಲ್ಲಿ ಅವರಿಗೆ ಅಡ್ಡ ಹಾಕಿ ಬೈಯುವುದು ಬೇಡ.

ಕಳೆದ ಸಲದ್ದು ನಾನೂ ಮರೆತಿಲ್ಲ.

ಅಕ್ಷಿತ್


ಮಣಿಪಾಲ
೧೬ ಜುಲೈ ೨೦೨೩

ಪ್ರೀತಿಯ ನಿಮಗೆ,

ಕಳೆದ ಭಾನುವಾರ ಹೆರಿಗೆಯಾಯಿತು. ಗಂಡು ಮಗು. ಹೇಳಿದ್ದಕ್ಕಿಂತ ಮೊದಲೇ ಬಂದಿದ್ದಾನೆ, ಹಾಗಾಗಿ ತೂಕ ಸ್ವಲ್ಪ ಕಡಿಮೆ. ಬಜಗೋಳಿಯಿಂದ ದೂರವಾಗುತ್ತದೆಂದು ಮಣಿಪಾಲದಲ್ಲೇ ಉಳಿದುಕೊಂಡಿದ್ದೇವೆ. ಅಮ್ಮ ಇದ್ದಾಳೆ. ಅತ್ತೆ ದಿನವೂ ಕಾಪುವಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಮಾವನೂ ಎರಡು ಸಲ ಬಂದಿದ್ದರು.

ನಾನು ಚೆನ್ನಾಗಿದ್ದೇನೆ. ನೀವು ನಿಮ್ಮ ಕೆಲಸದ ಮೇಲೆ ಗಮನ ಇಡಿ.

ಹೆಸರಿನ ವಿಚಾರ ಈಗ ಬೇಡ.

ವಿಜೇತಾ


ಬಂದರಿನಿಂದ
೨೫ ಜುಲೈ ೨೦೨೩

ನನ್ನ ಮಗನ ಅಮ್ಮನಿಗೆ,

ಇಡೀ ಹಡಗಿಗೆ ಪಾಯಸ! ಲಿಗೋರಿ ಬಾಬ್ ಇಳಿದು ಹೋಗುವ ಮೊದಲು ಶ್ಯಾವಿಗೆ ಪಾಯಸ ಮಾಡಿ ಎಲ್ಲರಿಗೂ ಹಂಚಿದರು. ಕ್ಯಾಪ್ಟನ್ ಎರಡು ಸಲ ಹಾಕಿಸಿಕೊಂಡರು.

ಬಂದರಿಗೆ ಬಂದ ಕೂಡಲೇ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮತ್ತೆ ಮಾಡಿದಾಗ, "ಮಗು ಮಲಗಿದೆ, ಆಮೇಲೆ" ಎಂದು ಮೆಸೇಜ್ ಬಂತು. ಆ ಆಮೇಲೆ ಬರಲೇ ಇಲ್ಲ. ಫೋಟೋ ಕಳಿಸು ಎಂದರೆ ಮುಷ್ಟಿಯ ಫೋಟೋ ಮಾತ್ರ ಕಳಿಸಿದ್ದಿ. ಎಷ್ಟು ಗಟ್ಟಿ ಮುಚ್ಚಿಕೊಂಡಿದ್ದಾನೆ! ಹಗ್ಗ ಎಳೆಯುವವರ ಮುಷ್ಟಿ ಅದು, ಡೆಕ್ಕಿನ ಮೇಸ್ತ್ರಿಯಾದ ಈ ಬೋಸನ್ ಅಪ್ಪನದ್ದೇ. ಎಲ್ಲರಿಗೂ ತೋರಿಸಿಕೊಂಡು ಬಂದೆ.

ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ, ಗೊತ್ತು. ಆ ಹೆಸರು ಹಿಡಿದು ಕೂತದ್ದಕ್ಕೆ. ಹಾಗಾದರೆ ಬಿಡು. ನಿನಗೆ ಬೇಕಾದ್ದು ಇಡು. ಆದರೆ ಅರ್ಥ ಕೇಳಿದ್ದಿಯಲ್ಲ, ಅದನ್ನು ಹೇಳಿಬಿಡುತ್ತೇನೆ.

ಝೀಸಿಸ್ ಅವರ ಊರು ಗ್ರೀಸಿನ ವೋಲೋಸ್ ಬಂದರಿನ ಮೇಲಿನ ಗುಡ್ಡದಲ್ಲಿ. ಅವರಿಗಿಂತ ಮೊದಲು ಅವರ ತಾಯಿ ಡೆಸ್ಪಿನಾ ಅವರಿಗೆ ಎರಡು ಗಂಡುಮಕ್ಕಳು ಹುಟ್ಟಿ, ಎರಡೂ ತೊಟ್ಟಿಲಲ್ಲೇ ಹೋದವಂತೆ. ಅವರ ಕಡೆಯ ಪದ್ಧತಿಯಂತೆ ಮೊದಲ ಮಗನಿಗೆ ಅಜ್ಜನ ಹೆಸರು ಇಡಬೇಕು, ತಪ್ಪಿಸುವ ಹಾಗಿಲ್ಲ. ಆದರೆ ಮೂರನೆಯದು ಹುಟ್ಟಿದಾಗ ಆ ತಾಯಿ ಹಟ ಹಿಡಿದರು. ಅಜ್ಜನ ಹೆಸರು ಬೇಡ, ಸಂತರ ಹೆಸರೂ ಬೇಡ. ಇವನಿಗೆ ಝೀಸಿಸ್ ಎಂದೇ ಹೆಸರು ಎಂದರು. ಅವರ ಭಾಷೆಯಲ್ಲಿ 'ನಾ ಝೀಸಿಸ್' ಎಂದರೆ 'ನೀನು ಬಾಳಬೇಕು' ಎಂದು. ಮಕ್ಕಳು ಉಳಿಯದ ಮನೆಯಲ್ಲಿ ಹಿಂದಿನಿಂದಲೂ ಇಡುತ್ತಿದ್ದ ಹೆಸರಂತೆ ಅದು. ಹಾಲು ಕುಡಿಸುವಾಗ, ಗದರುವಾಗ, ಆಟದಿಂದ ಮನೆಗೆ ಕರೆಯುವಾಗ, ಪ್ರತಿ ಸಲವೂ ಆ ತಾಯಿ ಮಗನಿಗೆ ಹೇಳುತ್ತಿದ್ದದ್ದು ಒಂದೇ. ಬದುಕು, ಬದುಕು.

ಝೀಸಿಸ್ ಅವರಿಗೆ ಈಗ ಐವತ್ತೆರಡು.

ಇಷ್ಟೇ. ನಮ್ಮ ಮಗ ಚೆನ್ನಾಗಿಯೇ ಇದ್ದಾನೆ, ಅವನಿಗೆ ಈ ಹೆಸರಿನ ಅಗತ್ಯವಿಲ್ಲ ಎಂದು ನಿನಗೆ ಅನಿಸಿದರೆ ನಾನು ಬೇಸರಿಸುವುದಿಲ್ಲ.

ಅಕ್ಷಿತ್


ಮಣಿಪಾಲ
೧೦ ಆಗಸ್ಟ್ ೨೦೨೩

ಪ್ರೀತಿಯ ನಿಮಗೆ,

ನಿಮ್ಮ ಪತ್ರ ಬಂದು ಎರಡು ವಾರವಾಯಿತು. ಅದನ್ನು ನಾನು ಓದಿದ್ದು ಎಲ್ಲಿ ಎಂದು ಈಗ ಹೇಳುತ್ತೇನೆ. ಕೂತಿದ್ದರೆ ಗಟ್ಟಿಯಾಗಿ ಕೂತುಕೊಳ್ಳಿ.

ನಮ್ಮ ಮಗ ಹತ್ತು ವಾರ ಮೊದಲೇ ಹುಟ್ಟಿದ. ಒಂದೂಕಾಲು ಕಿಲೋ. ಹುಟ್ಟಿದಂದಿನಿಂದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ನಿಮ್ಮ ಫೋನ್ ಎತ್ತದೇ ಇದ್ದದ್ದು ಸಿಟ್ಟಿನಿಂದಲ್ಲ. ಅವನ ಸುತ್ತ ಇರುವ ಯಂತ್ರಗಳು ಸದಾ ಪೀಂ ಪೀಂ ಎನ್ನುತ್ತವೆ. ಆ ಸದ್ದು ಕೇಳಿದರೆ ನೀವು ಕೇಳದೆ ಬಿಡುತ್ತಿರಲಿಲ್ಲ. ಮುಷ್ಟಿಯ ಫೋಟೋ ಕಳಿಸಿದ್ದೂ ಅದಕ್ಕೇ. ಪಕ್ಕದಲ್ಲಿ ಬೇರೇನೂ ಇಲ್ಲದಿದ್ದರೆ ಅದು ಎಷ್ಟು ಸಣ್ಣದೆಂದು ತಿಳಿಯುವುದಿಲ್ಲವಲ್ಲ. ನನ್ನ ಉಂಗುರ ಅವನ ತೋಳಿಗೆ ಬಳೆಯಾಗುತ್ತಿತ್ತು. ಅದನ್ನು ತೋರಿಸಿಕೊಂಡು ನೀವು ಹಡಗೆಲ್ಲ ತಿರುಗಿದಿರಿ ಎಂದು ಓದಿ ನನಗೆ ಅಳುವೂ ಬಂತು, ನಗುವೂ ಬಂತು.

ಸಮುದ್ರದ ಮಧ್ಯೆ ಇರುವವರಿಗೆ ಇದನ್ನು ಹೇಳಿ ಎಂತ ಮಾಡಲಿ? ನೀವು ನೀರಿಗೆ ಹಾರಿ ಈಜಿಕೊಂಡು ಬರಲು ಸಾಧ್ಯವಾ?

ಪೆಟ್ಟಿಗೆಯ ಮೇಲೆ ನನ್ನ ಹೆಸರು ಬರೆದು ಅಂಟಿಸಿದ್ದರು, ವಿಜೇತಾಳ ಮಗು ಎಂದು. ನರ್ಸ್, "ಹೆಸರು ಹಿಡಿದು ಮಾತಾಡಿಸಿ, ಅಮ್ಮನ ಸ್ವರ ಅವನಿಗೆ ಗೊತ್ತಾಗುತ್ತದೆ" ಎನ್ನುತ್ತಿದ್ದರು. ನಾನು ಸುಮ್ಮನೆ ನಿಲ್ಲುತ್ತಿದ್ದೆ. ಹೆಸರು ಕರೆದರೆ ಅವನು ನಮ್ಮವನಾಗಿಬಿಡುತ್ತಾನೆ, ಆಮೇಲೆ ಹೋದರೆ ತಡೆಯುವುದು ಹೇಗೆ? ಅಂಥ ಒಂದು ಬೆಳಿಗ್ಗೆ ನಿಮ್ಮ ಪತ್ರ ಬಂತು. ಅವನ ಪಕ್ಕದಲ್ಲಿ ನಿಂತೇ ಓದಿದೆ. 'ನೀನು ಬಾಳಬೇಕು' ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗಲಿಲ್ಲ. ಪೆಟ್ಟಿಗೆಯ ಕಿಂಡಿಯಲ್ಲಿ ಕೈ ಹಾಕಿ ಅವನ ಬೆನ್ನು ಮುಟ್ಟಿ ಕರೆದೆ, "ಝೀಸಿಸ್."

ಪವಾಡವೇನೂ ಆಗಲಿಲ್ಲ. ಅವನು ನಿದ್ದೆ ಮಾಡುತ್ತಿದ್ದ. ಆದರೆ ನನಗೆ ಧೈರ್ಯ ಬಂತು. ಅಂದಿನಿಂದ ಕರೆಯುತ್ತಲೇ ಇದ್ದೇನೆ. ಈಗ ಒಂದು ಕಿಲೋ ಎಂಟುನೂರು. ಉಸಿರಿನ ನಳಿಗೆ ತೆಗೆದಿದ್ದಾರೆ. ಡಾಕ್ಟರ್ ನಿನ್ನೆ, "ಇನ್ನು ಹೆದರಿಕೆ ಬೇಡ" ಎಂದರು. ಅವರ ಬಾಯಿಂದ ಆ ಮಾತು ಬಂದ ಮೇಲೆಯೇ ನಿಮಗೆ ಬರೆಯಬೇಕೆಂದು ಕಾದಿದ್ದೆ.

ಇನ್ನೊಂದು. ಉಡುಪಿಯಲ್ಲಿ ನನಗೆ ಸಂಸ್ಕೃತ ಕಲಿಸಿದ ಆಂಜೆಲಾ ಮೇಡಂ ಅವರಿಗೆ ಫೋನ್ ಮಾಡಿ ಈ ಹೆಸರಿನ ಬಗ್ಗೆ ಕೇಳಿದೆ. ಅವರು ಪುಸ್ತಕ ನೋಡಿ ಹೇಳಿದ್ದು ಕೇಳಿ. ಗ್ರೀಕರ 'ಝೀ', ನಮ್ಮ 'ಜೀವ', ಎರಡೂ ಒಂದೇ ಬೇರಿನವಂತೆ. ಜೀವ, ಜೀವನ, ಚಿರಂಜೀವಿ, ಝೀಸಿಸ್, ಎಲ್ಲ ಒಂದೇ ಬಳ್ಳಿ. "ನಿನ್ನ ಮಗನಿಗೆ ಪರದೇಶದ ಹೆಸರು ಎನ್ನಬೇಡ, ದೂರ ಹೋದ ನೆಂಟರ ಹೆಸರು ಎನ್ನು" ಎಂದರು.

ಅತ್ತೆಗೆ ಹೇಳಿದೆ. "ಮೊದಲು ಮನೆಗೆ ಬರಲಿ, ಆಮೇಲೆ ಹೆಸರು" ಎಂದು ಅಷ್ಟಕ್ಕೇ ಬಿಟ್ಟಿದ್ದಾರೆ.

ಮುಚ್ಚಿಟ್ಟದ್ದಕ್ಕೆ ಬೈಯುವುದಾದರೆ ಬೈಯಿರಿ.

ವಿಜೇತಾ


ಹಡಗಿನಿಂದ
೧೨ ಆಗಸ್ಟ್ ೨೦೨೩

ವಿಜೇತಾ,

ಪತ್ರ ಓದಿ ಡೆಕ್ಕಿಗೆ ಹೋಗಿ ನಿಂತೆ. ಒಳಗೆ ಬರಲು ಮನಸ್ಸಾಗಲಿಲ್ಲ. ಕ್ಯಾಪ್ಟನ್ ಬಂದು ಏನಾಯಿತೆಂದು ಕೇಳಿದರು. ಹೇಳಿದೆ. ಅಕ್ಟೋಬರ್ ಕೊನೆಗೆ ನನ್ನನ್ನು ಇಳಿಸಲು ಕಂಪೆನಿಗೆ ಬರೆದಿದ್ದಾರೆ.

ಬೈಯುವ ಯೋಗ್ಯತೆ ನನಗಿಲ್ಲ. ಯಾಕೆಂದು ಬಂದ ಮೇಲೆ ಹೇಳುತ್ತೇನೆ. ನೀನು ಒಬ್ಬಳೇ ಇಷ್ಟು ದಿನ ಅದನ್ನೆಲ್ಲ ಹೊತ್ತುಕೊಂಡಿದ್ದಿ. ನನ್ನ ಹೆಂಡತಿ ಎಂಥವಳೆಂದು ಈ ಹಡಗಿನಲ್ಲಿ ಎಲ್ಲರಿಗೂ ಹೇಳಿದ್ದೇನೆ.

ಅವನನ್ನು ಕರೆಯುತ್ತಾ ಇರು. ನನ್ನ ಪಾಲಿನದ್ದೂ ಸೇರಿಸಿ ಕರೆ.

ಅಕ್ಷಿತ್


ಮಣಿಪಾಲ
೨೬ ಆಗಸ್ಟ್ ೨೦೨೩

ಅಕ್ಷಿತ್,

ಇವತ್ತು 'ನೀವು' ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಎಂತಹ ಮನುಷ್ಯ ಮಾರಾಯ?

ಲಿಗೋರಿ ಬಾಬ್ ಇಂದು ಆಸ್ಪತ್ರೆಗೆ ಬಂದಿದ್ದರು. ಅತ್ತೆಯೂ ಇದ್ದರು. ಅವರನ್ನು ಕಂಡ ಕೂಡಲೇ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಬಾ ಲಿಗೋರಿ, ನಿನ್ನನ್ನೇ ಕಾಯುತ್ತಿದ್ದೆ. ನನ್ನ ಮಗನಿಗೆ ಎಂತ ಬೋಧನೆ ಮಾಡಿದ್ದು ನೀನು?"

ಅವರಿಗೆ ತಲೆಬುಡ ಗೊತ್ತಾಗಲಿಲ್ಲ. "ನಾನು ಬೋಧನೆ ಮಾಡುವುದಾ? ಸುಗಂಧಿ ಅಕ್ಕಾ, ನಿಮ್ಮ ಮಗನಿಂದ ನಾವು ಕಲಿಯಬೇಕು. ಸರಕು ತುಂಬುವ ಹೋಲ್ಡಿನಲ್ಲಿ ಆ ದಿನ ಅವನಿಲ್ಲದಿದ್ದರೆ ಝೀಸಿಸ್ ಸಾಹೇಬರ ಹೆಣ ಮನೆಗೆ ಹೋಗುತ್ತಿತ್ತು. ಬೋಸನ್‌ನ ಭುಜ ಈಗ ಹೇಗುಂಟು? ಕೈ ಎತ್ತಲು ಆಗುತ್ತದಾ?"

"ಯಾವ ದಿನ? ಯಾವ ಭುಜ?" ಎಂದೆ ನಾನು.

ಅವರು ನನ್ನ ಮುಖ ನೋಡಿದರು. ಅತ್ತೆಯ ಮುಖ ನೋಡಿದರು. "ದೇವಾ, ಅವ ಹೇಳಲಿಲ್ವಾ?" ಎಂದು ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಬಿಡಿಸಿ ಬಿಡಿಸಿ ಎಲ್ಲವನ್ನೂ ಹೇಳಿಸಿಕೊಂಡೆವು.

ಚಹಾದ ಲೋಟವಂತೆ! ಎಡಗೈಯಲ್ಲಿ ಟೈಪ್ ಮಾಡುತ್ತಿದ್ದಾನಂತೆ!

ನನಗೆ ಎಷ್ಟು ಸಿಟ್ಟು ಬಂದಿದೆಯೆಂದರೆ ಈಗ ನೀನು ಎದುರಿಗಿದ್ದಿದ್ದರೆ ಆ ಭುಜಕ್ಕೇ ಒಂದು ಕೊಡುತ್ತಿದ್ದೆ. ಆದರೆ ಅತ್ತೆಯನ್ನು ನೀನು ನೋಡಬೇಕಿತ್ತು. ಲಿಗೋರಿ ಬಾಬ್ ಹೇಳಿ ಮುಗಿಸಿದಾಗ ಅವರು ಅಳಲಿಲ್ಲ. ಕಣ್ಣು ಮಾತ್ರ ಕೆಂಪಾಗಿತ್ತು. "ಅಣ್ಣು ಮೆಂಡನರ ಮಗ ಅಲ್ವಾ" ಎಂದು ಮಾವನ ಹೆಸರು ಹಿಡಿದೇ ಹೇಳಿದರು. "ಬಲೆ ಎಳೆಯುವಾಗ ಅವರೂ ಹಾಗೇ. ನೀರಿಗೆ ಬಿದ್ದವನನ್ನು ಬಿಟ್ಟು ದೋಣಿ ತಿರುಗಿಸಿದ್ದಿಲ್ಲ." ಆಮೇಲೆ ಲಿಗೋರಿಯವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಬನ್ಸ್ ತಿನ್ನಿಸಿದರು. ಬಸ್ಸಿಗೆ ಹೊರಟವರು ಬಾಗಿಲಿನಿಂದ ತಿರುಗಿ ಬಂದು ಮಗುವನ್ನು ನೋಡಿ ನನ್ನನ್ನು ಕೇಳಿದರು, "ಆ ಹೆಸರು ಇನ್ನೊಮ್ಮೆ ಹೇಳು ಮಗಾ, ಸರಿಯಾಗಿ."

ನನಗೂ ಹೆಮ್ಮೆಯೇ. ಅದನ್ನು ಬರೆಯದೆ ಇರಲಾರೆ. ಆದರೆ ಬೇರೆಯವರ ಬಾಯಿಂದ ಕೇಳಿದ್ದು ಸಾಕು. ಈಗ ನೀನೇ ಬರೆ. ಒಂದೂ ಬಿಡದೆ.

ವಿಜೇತಾ


ಹಡಗಿನಿಂದ
೩ ಸೆಪ್ಟೆಂಬರ್ ೨೦೨೩

ವಿಜೇತಾ,

ಸರಿ, ಕೇಳು.

ಮೇ ತಿಂಗಳ ಕೊನೆ. ಹಡಗಿನಲ್ಲಿ ಮರದ ದಿಮ್ಮಿ ತುಂಬಿತ್ತು. ಮುಚ್ಚಿದ ಹೋಲ್ಡಿನೊಳಗೆ ದಿಮ್ಮಿಗಳು ಗಾಳಿಯಲ್ಲಿರುವ ಪ್ರಾಣವಾಯುವನ್ನೇ ತಿಂದು ಮುಗಿಸುತ್ತವೆ. ನೋಡಲು ಎಂತದೂ ಇಲ್ಲ, ವಾಸನೆಯೂ ಇಲ್ಲ. ಇಳಿದರೆ ಎರಡು ಉಸಿರಿಗೆ ಮನುಷ್ಯ ಬೀಳುತ್ತಾನೆ. ಝೀಸಿಸ್ ಸಾಹೇಬರು ಏಣಿಯ ಬಾಗಿಲು ತೆಗೆದು ಒಳಗೆ ಬಗ್ಗಿ ನೋಡುತ್ತಿದ್ದರು. ಕೆಳಗೆ ನೀರು ಸೋರುವ ಸದ್ದು ಕೇಳಿದ ಹಾಗಾಯಿತಂತೆ, ಒಂದೆರಡು ಮೆಟ್ಟಿಲು ಇಳಿದರು. ನಾನು ಕೂಗುವಷ್ಟರಲ್ಲಿ ಬಿದ್ದಾಗಿತ್ತು.

ಇಬ್ಬರು ಹಾಗೇ ಇಳಿಯಲು ಓಡಿದರು. ಅವರನ್ನು ಕಾಲರ್ ಹಿಡಿದು ಹಿಂದಕ್ಕೆ ಎಳೆದೆ. ಒಬ್ಬನನ್ನು ಉಳಿಸಲು ಹೋಗಿ ಮೂವರು ಸತ್ತ ಕಥೆ ಪ್ರತಿ ಹಡಗಿನಲ್ಲೂ ಉಂಟು. ಗಾಳಿಯ ಸಿಲಿಂಡರ್ ತರಿಸಿ, ಬೆನ್ನಿಗೆ ಕಟ್ಟಿ, ಮುಖವಾಡ ಹಾಕಿ, ಸೊಂಟಕ್ಕೆ ಹಗ್ಗ ಬಿಗಿದು ಇಳಿದೆ. ಅವರು ಏಣಿಯ ಬುಡದಲ್ಲಿ ದಿಮ್ಮಿಯ ಸಂದಿಗೆ ಸಿಕ್ಕಿಕೊಂಡಿದ್ದರು. ಮೊದಲು ಜೊತೆಗೆ ತಂದಿದ್ದ ಇನ್ನೊಂದು ಸಣ್ಣ ಸಿಲಿಂಡರಿನ ಮುಖವಾಡ ಅವರ ಮುಖಕ್ಕೆ ಕಟ್ಟಿದೆ. ದಪ್ಪ ಮನುಷ್ಯ. ಎಳೆದರೆ ಬರುವುದಿಲ್ಲ. ಹಗ್ಗ ಹಾಕಿ ಅಪ್ಪ ಕಲಿಸಿದ ಗಂಟು ಬಿಗಿದೆ. ಗಾಳಿ ಮುಗಿಯುತ್ತಾ ಬಂದರೆ ಸಿಲಿಂಡರ್ ಸೀಟಿ ಹೊಡೆಯುತ್ತದೆ. ಸೀಟಿ ಶುರುವಾಯಿತು. ಆಗ ಮೇಲೆ ಬರಬೇಕು ಎಂಬುದು ನಿಯಮ. ಆದರೆ ಅವರ ಕಾಲು ಇನ್ನೂ ಸಂದಿಯಲ್ಲಿತ್ತು. ಬರಲು ನನ್ನಿಂದ ಆಗಲಿಲ್ಲ. ಭುಜ ಕೊಟ್ಟು ದಿಮ್ಮಿ ಒತ್ತಿದೆ. ಎಂತದೋ ಹರಿದ ಹಾಗಾಯಿತು, ಅವರ ಕಾಲು ಬಿಟ್ಟಿತು. ಮೇಲಿನವರು ಎಳೆದುಕೊಂಡರು. ಹಿಂದಿನಿಂದ ನನ್ನನ್ನೂ.

ಇಷ್ಟು ಹೊತ್ತೂ ಮುಖವಾಡದೊಳಗಿಂದ ನಾನು ಅವರ ಹೆಸರು ಕೂಗುತ್ತಲೇ ಇದ್ದೆನಂತೆ. ಝೀಸಿಸ್, ಝೀಸಿಸ್ ಎಂದು. ನನಗೆ ಆಗ ಅದು ಹೆಸರು ಮಾತ್ರ.

ಬಂದರಿನ ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು, "ಬೋಸನ್, ನೀನು ಕೂಗಿದ್ದರ ಅರ್ಥ ನಿನಗೆ ಗೊತ್ತುಂಟಾ?" ಇಲ್ಲ ಎಂದೆ. ಆಗ ತಾಯಿಯ ಕಥೆ ಹೇಳಿದರು. "ಅಮ್ಮನ ನಂತರ ಅಷ್ಟು ಜೋರಾಗಿ ನನಗೆ ಬದುಕು ಎಂದು ಹೇಳಿದವನು ನೀನೊಬ್ಬನೇ" ಎಂದರು.

ನಿನಗೆ ಆಗ ಆರು ತಿಂಗಳು. ಕಳೆದ ಸಲದ್ದು ನೆನಪಾಗಿ ಹೇಳಲು ಧೈರ್ಯ ಬರಲಿಲ್ಲ. ಭುಜ ಈಗ ಸರಿಯಾಗಿದೆ. ಮಗುವನ್ನು ಎತ್ತುವಷ್ಟು ಖಂಡಿತ ಉಂಟು.

ನೀನು 'ನೀನು' ಎಂದು ಬರೆದದ್ದು ಚೆನ್ನಾಗಿತ್ತು. ಹಾಗೆಯೇ ಇರಲಿ.

ನಿನ್ನ
ಅಕ್ಷಿತ್


ಕಾಪು
೧೫ ಅಕ್ಟೋಬರ್ ೨೦೨೩

ಅಕ್ಷಿತ್,

ನಿನ್ನ ಪತ್ರವನ್ನು ಗಟ್ಟಿಯಾಗಿ ಓದಿಸಿ ಮಾವ ಕೇಳಿದರು. ಗಂಟಿನ ವಿಚಾರ ಬಂದಾಗ "ಯಾವ ಗಂಟು? ಇನ್ನೊಮ್ಮೆ ಓದು" ಎಂದರು. ಮೂರು ಸಲ ಓದಿದೆ. ಪ್ರತಿ ಸಲವೂ ಆಗಷ್ಟೇ ಕೇಳಿದವರ ಹಾಗೆ ತಲೆಯಾಡಿಸಿದರು.

ನಾವು ಕಾಪುವಿಗೆ ಬಂದು ತಿಂಗಳಾಯಿತು. ಬಂದ ಮರುವಾರವೇ ನಾಮಕರಣ. ನೀನು ಬರುವವರೆಗೆ ಕಾಯೋಣವೆಂದರೆ ಅತ್ತೆ ಕೇಳಲಿಲ್ಲ. "ಇಷ್ಟು ದಿನ ಹೆಸರಿಲ್ಲದೆ ಮಲಗಿದ್ದು ಸಾಕು" ಎಂದರು. ಮಾವ ಅವನ ಕಿವಿಯಲ್ಲಿ ಹೆಸರು ಹೇಳಿದರು. ಯಾರೋ ನೆಂಟರು, "ಎಂತ ಹೆಸರು, ಕೇಳಲಿಲ್ಲ" ಎಂದರು. ಅದೇ ಸಾಕಾಯಿತು ಅತ್ತೆಗೆ. ಹೋಲ್ಡು, ದಿಮ್ಮಿ, ಸೀಟಿ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಊಟ ತಣ್ಣಗಾಗಿತ್ತು. ಲಿಗೋರಿ ಬಾಬ್‌ಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿದ್ದರು.

ಹೆಸರು ನೋಂದಾಯಿಸಲು ಉಡುಪಿಗೂ ಅತ್ತೆಯೇ ಬಂದರು. ಕಾಪುವಿನಿಂದ ಹೊರಟ ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದರು. ದೇವರ ನಾಮ ಹೇಳುತ್ತಿದ್ದಾರೆಂದುಕೊಂಡೆ. ಕಚೇರಿಯಲ್ಲಿ ಗುಮಾಸ್ತರು ಒಳ್ಳೆಯವರು, ನಗುತ್ತಾ ಕೇಳಿದರು, "ಜೀಸಸ್ ಮೆಂಡನ್ ಎಂದು ಬರೆಯುವುದಾ ಅಮ್ಮ?"

"ಜೀಸಸ್ ಅಲ್ಲ. ಝೀಸಿಸ್. ಝಕಾರಕ್ಕೆ ದೀರ್ಘ ಕೊಡಿ. ಬದುಕು ಎಂದು ಅರ್ಥ. ಗ್ರೀಕ್ ಭಾಷೆ. ನಮ್ಮ ಜೀವ ಇದೆಯಲ್ಲ, ಅದರ ನೆಂಟ. ನನ್ನ ಮಗ ಸಮುದ್ರದ ನಡುವೆ ಈ ಹೆಸರು ಕೂಗಿ ಒಬ್ಬ ತಾಯಿಯ ಮಗನನ್ನು ಉಳಿಸಿದ್ದಾನೆ. ಮೊಮ್ಮಗ ಒಂದೂಕಾಲು ಕಿಲೋ ಇದ್ದವ ಇದೇ ಹೆಸರು ಕೇಳಿ ಕೇಳಿ ನಾಲ್ಕು ಕಿಲೋ ಆಗಿದ್ದಾನೆ. ಸರಿಯಾಗಿ ಬರೆಯಿರಿ."

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಗುಮಾಸ್ತರು ಬರೆದು, ಚೀಟಿ ತಿರುಗಿಸಿ ತೋರಿಸಿದರು. ಓದು ಬಾರದ ಅತ್ತೆ ಅದನ್ನು ದಿಟ್ಟಿಸಿ ನೋಡಿ, "ಸರಿ ಉಂಟಾ ಮಗಾ?" ಎಂದು ನನ್ನನ್ನು ಕೇಳಿದರು. ಸರಿ ಇತ್ತು.

ನಿನ್ನೆ ಸಂಜೆ ಝೀಸಿಸ್ ಸಾಹೇಬರು ವಿಡಿಯೋ ಕಾಲ್ ಮಾಡಿದ್ದರು. ಮೀಸೆ ಹಾಗೇ ಉಂಟು, ತೆಳ್ಳಗಾಗಿದ್ದಾರೆ. ಮಾತಾಡುವಾಗ ದಮ್ಮು ಬರುತ್ತದೆ. ಪಕ್ಕದಲ್ಲಿ ಕಪ್ಪು ಬಟ್ಟೆಯ ಅಜ್ಜಿ, ಡೆಸ್ಪಿನಾ. ನಾನು ಮಗುವನ್ನು ಎತ್ತಿ ತೋರಿಸಿದೆ. ಅಜ್ಜಿ ಎರಡೂ ಕೈ ಬಾಯಿಗೆ ಒತ್ತಿಕೊಂಡರು. ಆಮೇಲೆ ಅವರ ಭಾಷೆಯಲ್ಲಿ, "ನಾ ಸಾಸ್ ಝೀಸಿ" ಎಂದರು. ಮಗು ಹುಟ್ಟಿದ ಮನೆಯವರಿಗೆ ಅವರಲ್ಲಿ ಎಲ್ಲರೂ ಹೇಳುವ ಮಾತಂತೆ. ಇವನು ನಿಮಗಾಗಿ ಬಾಳಲಿ ಎಂದು ಸಾಹೇಬರು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ನಾನು ಅತ್ತೆಗೆ ತುಳುವಿನಲ್ಲಿ ಹೇಳಿದೆ.

ಅತ್ತೆ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಿಮ್ಮ ಮಗನೂ ನಿಮಗಾಗಿ ಬಾಳಲಿ ಅಕ್ಕಾ" ಎಂದು ತುಳುವಿನಲ್ಲೇ, ಮಾರ್ಕೆಟಿನ ಆ ತುದಿಗೆ ಕೇಳುವ ಸ್ವರದಲ್ಲಿ ಹೇಳಿದರು. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಆಮೇಲೆ ಇಬ್ಬರಿಗೂ ಗೊತ್ತಿದ್ದ ಒಂದೇ ಶಬ್ದವನ್ನು ಒಟ್ಟಿಗೆ ಕರೆದರು.

"ಝೀಸಿಸ್!"

ಆ ಕಡೆ ದೊಡ್ಡವರು ತಿರುಗಿದರು. ಈ ಕಡೆ, ನ‌ನ್ನ ಮಡಿಲಲ್ಲಿ, ನಮ್ಮವನು ಕಣ್ಣು ಬಿಟ್ಟ.

ವಿಜೇತಾ